ಪರಿಹಾರದ ಕಡತವನ್ನು ಹಿಡಿದವನ ಧರ್ಮ

1837ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದರ ಮುಂದೆ ನೋಟಕ್ಕೆ ಅತ್ಯಲ್ಪವೆನಿಸುವ ಒಂದು ವ್ಯಾಜ್ಯ ಬಂದಿತು. ಮಾಂಸದ ವ್ಯಾಪಾರಿಯೊಬ್ಬನಲ್ಲಿ ಊಳಿಗಕ್ಕಿದ್ದ ಆಳು ಒಡೆಯನ ಅಪ್ಪಣೆಯಂತೆ ಸರಕಿನೊಡನೆ ಹೊರಟಿದ್ದಾಗ, ಮಿತಿಮೀರಿ ಹೇರಿದ್ದ ಬಂಡಿ ಕುಸಿದು ಅವನ ತೊಡೆಯ ಮೂಳೆ ಮುರಿಯಿತು. ಇಂಥ ದಾವೆಗಳನ್ನು ಒಪ್ಪಿದರೆ ಒಡೆಯನ ಹೊಣೆಗೆ ಎಲ್ಲೆಯೇ ಇರದೆಂದೂ, ಅಪಾಯವಿದೆಯೆಂದು ಕಂಡ ಕೆಲಸವನ್ನು ಆಳು ಬೇಡವೆನ್ನಬಹುದಾಗಿತ್ತೆಂದೂ ತರ್ಕಿಸಿ, ನ್ಯಾಯಾಧೀಶರಾದ ಲಾರ್ಡ್ ಅಬಿಂಜರ್ ಅವನಿಗೆ ಏನೂ ಸಲ್ಲದೆಂದು ತೀರ್ಮಾನಿಸಿದರು. ಈ ತೀರ್ಪಿನ ಬೀಜದಿಂದ ಮೊಳೆತ ವಾದಗಳು ಮುಂದಿನ ಅರ್ಧ ಶತಮಾನಕ್ಕೂ ಮೀರಿ ಯಂತ್ರಯುಗದ ಕಾರ್ಮಿಕನ ಪಾಲಿಗೆ ಮುಚ್ಚಿದ ಬಾಗಿಲಾಗಿ ನಿಂತವು. ಜೊತೆಯ ಕೆಲಸಗಾರನ ತಪ್ಪಿನಿಂದ ಗಾಯವಾದರೆ ಒಡೆಯ ಹೊಣೆಯಲ್ಲ. ಗಾಯಗೊಂಡವನದೇ ಎಚ್ಚರಗೇಡಿತನ ಕಿಂಚಿತ್ತಾದರೂ ಇದ್ದರೆ ಒಡೆಯ ಹೊಣೆಯಲ್ಲ. ಅಪಾಯವನ್ನು ಅರಿತೇ ಕೆಲಸಕ್ಕೆ ಬಂದವನಿಗೆ ದೂರುವ ಹಕ್ಕಿಲ್ಲ. ಈ ಮೂರು ಗುರಾಣಿಗಳನ್ನು ದಾಟಿ ಹಣವನ್ನು ಕೈಯಲ್ಲಿ ಕಂಡ ಕೂಲಿಕಾರರು ವಿರಳ.

ಆ ಬಾಗಿಲನ್ನು ತೆರೆದ ಕೀರ್ತಿ ಮೊದಲಿಗೆ ಸಲ್ಲತಕ್ಕದ್ದು ಬಿಸ್ಮಾರ್ಕನ ಜರ್ಮನಿಗೆ. 1884ರಲ್ಲಿ ಅಲ್ಲಿ ಅಪಘಾತ ವಿಮೆಯ ಶಾಸನವಾಯಿತು. 1897ರಲ್ಲಿ ಬ್ರಿಟನ್ ಅದೇ ದಾರಿಯನ್ನು ಹಿಡಿಯಿತು. ಅಮೆರಿಕದಲ್ಲಿ ಆದ ಸಂಗತಿ ಇನ್ನೂ ದಾರುಣವಾದದ್ದು. ನ್ಯೂಯಾರ್ಕ್ ರಾಜ್ಯವು ತಂದಿದ್ದ ಪರಿಹಾರ ಶಾಸನವನ್ನು ಅಲ್ಲಿನ ಪರಮೋಚ್ಚ ನ್ಯಾಯಾಲಯ 1911ರ ಮಾರ್ಚ್ 24ರಂದು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಮರುದಿನವೇ ಆ ನಗರದ ಟ್ರಯಾಂಗಲ್ ಎಂಬ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ, ಅವರಲ್ಲಿ ಬಹುಪಾಲು ಎಳೆಯ ಹೆಣ್ಣುಮಕ್ಕಳು, ಪ್ರಾಣ ಬಿಟ್ಟರು. ಭಾರತದಲ್ಲಿ 1923ರಲ್ಲಿ ಕಾರ್ಮಿಕರ ಪರಿಹಾರ ಕಾಯಿದೆ ಅಂಗೀಕೃತವಾಗಿ 1924ರ ಜುಲೈ 1ರಿಂದ ಜಾರಿಗೆ ಬಂದಿತು; ಸುಮಾರು ಒಂದು ಶತಮಾನ ಕಾಲ, ಕಾಲಕಾಲಕ್ಕೆ ತಿದ್ದುಪಡಿಗಳನ್ನು ಪಡೆಯುತ್ತ, ಅದೇ ನಮ್ಮ ಆಧಾರವಾಗಿತ್ತು. 2025ರ ನವೆಂಬರ್ 21ರಿಂದ ಅದರ ಸ್ಥಾನವನ್ನು ಸಾಮಾಜಿಕ ಭದ್ರತಾ ಸಂಹಿತೆ ವಹಿಸಿಕೊಂಡಿದೆಯಾದರೂ ಹಳೆಯ ಕಾಯಿದೆಯ ಅಸ್ಥಿಪಂಜರವೇ ಬಹುಮಟ್ಟಿಗೆ ಅದರೊಳಗೂ ಉಳಿದಿದೆ.

ಈ ಎಲ್ಲ ಶಾಸನಗಳ ತಿರುಳು ಒಂದು ಒಡಂಬಡಿಕೆ. ತಪ್ಪು ಯಾರದೆಂಬ ಪ್ರಶ್ನೆಯನ್ನು ಕೇಳಬಾರದು; ಕೆಲಸದ ಅವಧಿಯಲ್ಲಿ, ಕೆಲಸದ ನಿಮಿತ್ತವಾಗಿ ಗಾಯವಾಯಿತೇ ಎಂಬಷ್ಟನ್ನೇ ನೋಡಬೇಕು. ಕೊಡುವ ಹಣ ಸೂತ್ರಬದ್ಧವಾದುದು. ಯಾತನೆಗೆ, ಅವಮಾನಕ್ಕೆ, ಕಳೆದುಹೋದ ಸಂತೋಷಕ್ಕೆ ಬೇರೆ ಬೆಲೆಯಿಲ್ಲ. ಈ ಹಾದಿಯನ್ನು ಹಿಡಿದವನಿಗೆ ಸಿವಿಲ್ ನ್ಯಾಯಾಲಯದ ಹಾದಿ ಮುಚ್ಚುತ್ತದೆ. ಅಂದಮೇಲೆ ಕಾರ್ಮಿಕನಿಗೆ ಇದರಿಂದ ದೊರೆತದ್ದೇನು? ಹೆಚ್ಚು ಹಣವಲ್ಲ, ಖಚಿತವಾದ ಹಣ, ಬೇಗ ಬರುವ ಹಣ. ಶೀಘ್ರತೆಯನ್ನು ಕಳೆದರೆ ಈ ಒಡಂಬಡಿಕೆಯಲ್ಲಿ ಅವನ ಪಾಲಿಗೆ ಉಳಿಯುವುದು ಬರಿಯ ನಷ್ಟವೇ. ಆದುದರಿಂದ ಈ ಕ್ಷೇತ್ರದಲ್ಲಿ ಆಯುಷ್ಯವನ್ನು ಕಳೆಯಲು ಬರುವವರು, ವಿಮಾ ಸಂಸ್ಥೆಯ ಕ್ಲೇಮು ವಿಭಾಗದ ಅಧಿಕಾರಿಯಾಗಲಿ, ರಾಜ್ಯ ವಿಮಾ ನಿಗಮದ ಶಾಖೆಯ ಗುಮಾಸ್ತರಾಗಲಿ, ಇಕ್ಕೆಲದ ವಕೀಲರಾಗಲಿ, ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ರುಜು ಹಾಕುವ ವೈದ್ಯರಾಗಲಿ, ಮೊದಲು ಮನಗಾಣಬೇಕಾದದ್ದು ಇದು: ನೂರು ವರ್ಷಗಳ ಹಿಂದೆ ಯಾರೋ ಕೊಟ್ಟ ಮಾತಿಗೆ ಇಂದು ತಾವು ಉತ್ತರವಾದಿಗಳು. ಸಂಸ್ಥೆಯ ಬೊಕ್ಕಸವನ್ನು ಕಾಯುವುದು ಅವರ ಕೆಲಸದ ಒಂದು ಭಾಗವೇ ಹೊರತು ಅದರ ಸಾರವಲ್ಲ.

ನಮ್ಮ ರಾಜ್ಯದಲ್ಲಿ ಈ ವೃತ್ತಿಯ ಸ್ವರೂಪವನ್ನು ಅರಿಯಬೇಕಾದರೆ ಎರಡು ಬಾಗಿಲುಗಳ ಭೇದವನ್ನು ತಿಳಿದಿರಬೇಕು. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ, ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಯಲ್ಲಿ, ತಿಂಗಳಿಗೆ 21,000 ರೂಪಾಯಿಯ ಮಿತಿಯೊಳಗಿನ ಕೂಲಿ ಪಡೆಯುವವನಿಗೆ ಪವರ್ ಪ್ರೆಸ್ಸಿನಲ್ಲಿ ಬೆರಳು ಹೋದರೆ, ಅವನ ಬಾಗಿಲು ನೌಕರರ ರಾಜ್ಯ ವಿಮಾ ಯೋಜನೆ, ಅಂದರೆ ಇಎಸ್‌ಐ; ಅಲ್ಲಿ ವೈದ್ಯಕೀಯ ಮಂಡಳಿ ಗಳಿಕೆಯ ಶಕ್ತಿ ಎಷ್ಟು ಕುಂದಿತೆಂದು ನಿರ್ಣಯಿಸುತ್ತದೆ, ಹಣ ಮಾಸಾಶನದ ರೂಪದಲ್ಲಿ ಜೀವಾವಧಿ ಬರುತ್ತದೆ. ಪ್ರೊಫೆಸರ್ ಬಿ.ಪಿ. ಅಡಾರ್ಕರ್ 1944ರಲ್ಲಿ ಸಲ್ಲಿಸಿದ ವರದಿಯನ್ನು ಆಧರಿಸಿ 1948ರಲ್ಲಿ ಶಾಸನವಾದ ಈ ಯೋಜನೆ 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾಯಿತು. ಈ ಬಾಗಿಲಿನ ಹೊರಗೆ ಉಳಿದವರೆಷ್ಟು ಮಂದಿ! ಲಾರಿಯ ಚಾಲಕ, ಕ್ಲೀನರ್, ಹಮಾಲಿ, ಬೋರ್‌ವೆಲ್ ಕೊರೆಯುವವನು, ನಾಲ್ಕಾರು ಮಂದಿಯ ವರ್ಕ್‌ಶಾಪಿನ ಹುಡುಗ: ಇವರೆಲ್ಲರಿಗೆ ಇದ್ದದ್ದು 1923ರ ಕಾಯಿದೆ ತೆರೆದ ಬಾಗಿಲು. ಕರ್ನಾಟಕದ ನ್ಯಾಯಾಲಯಗಳಲ್ಲಿ ಈ ಬಗೆಯ ಅರ್ಜಿಗಳ ದೊಡ್ಡ ಪಾಲು ಲಾರಿಗಳ ಸಿಬ್ಬಂದಿಯದು. ಏಕೆಂದರೆ ಮೋಟಾರು ವಿಮೆಯ ಪಾಲಿಸಿಯಲ್ಲಿ ಅವರ ಹೊಣೆ ಸೇರಿರುವುದರಿಂದ ಹಣ ಕೊಡಬಲ್ಲ ಒಂದು ಸಂಸ್ಥೆ ಅಲ್ಲಿ ಕಣ್ಣಿಗೆ ಕಾಣುತ್ತದೆ. ಯಾವ ಬಾಗಿಲೆಂಬುದನ್ನು ತಿಳಿಯದೆ ತಪ್ಪು ಕಚೇರಿಯ ಮೆಟ್ಟಿಲಲ್ಲಿ ಕಾಲ ಕಳೆದ ಕುಟುಂಬಕ್ಕೆ, ಸರಿಯಾದ ಬಾಗಿಲನ್ನು ತೋರಿಸುವುದು ಕೂಡ ಅಧಿಕಾರಿಯ ಕರ್ತವ್ಯವೆಂದೇ ನನ್ನ ಭಾವನೆ, ಆ ಬಾಗಿಲು ತನ್ನ ಸಂಸ್ಥೆಯದಲ್ಲದಿದ್ದರೂ.

ಇನ್ನು ಲೆಕ್ಕದ ವಿಚಾರ. ಇದನ್ನು ಒಣ ಅಂಕಿಗಳೆಂದು ದಾಟಿಹೋಗುವುದು ಸಲ್ಲದು; ಈ ವೃತ್ತಿಯ ನೈತಿಕತೆ ಬಹುಪಾಲು ಈ ಅಂಕಿಗಳ ನಡುವೆಯೇ ವಾಸಿಸುತ್ತದೆ. 30 ವರ್ಷದ, ತಿಂಗಳಿಗೆ 15,000 ರೂಪಾಯಿ ಕೂಲಿಯ ಒಬ್ಬ ಕಾರ್ಮಿಕನನ್ನು ಭಾವಿಸೋಣ. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯಬಹುದಾಗಿದ್ದ ಕೂಲಿಯ ಪರಮಾವಧಿಯೂ ಅಷ್ಟೆ. ವಯಸ್ಸಿಗೆ ಅನುಗುಣವಾಗಿ ಕಾಯಿದೆ ನಿಗದಿಮಾಡಿದ್ದ ಗುಣಕ 207.98. ಶಾಶ್ವತವೂ ಪೂರ್ಣವೂ ಆದ ಅಸಮರ್ಥತೆಗೆ ಕೂಲಿಯ ಶೇಕಡಾ 60ನ್ನು ಈ ಗುಣಕದಿಂದ ಗುಣಿಸಿದರೆ 18,71,820 ರೂಪಾಯಿ. ಅವನ ತೋರುಬೆರಳು ಬುಡಸಹಿತ ಹೋದರೆ ಅನುಸೂಚಿಯ ಪ್ರಕಾರ ಗಳಿಕೆಯ ನಷ್ಟ ಶೇಕಡಾ 14. ಅಂದರೆ ಎರಡು ಲಕ್ಷದ ಅರುವತ್ತೆರಡು ಸಾವಿರ ರೂಪಾಯಿಯ ಆಸುಪಾಸು. ಒಂದು ಕೈಯ ಮೂರು ಬೆರಳು ಹೋದರೆ ಶೇಕಡಾ 30. ಐದು ಲಕ್ಷದ ಅರುವತ್ತೊಂದು ಸಾವಿರಕ್ಕೂ ಮೀರುತ್ತದೆ. ಅನುಸೂಚಿಯಲ್ಲಿ ಹೆಸರಿಲ್ಲದ ಗಾಯಗಳು ಇನ್ನೂ ಹೆಚ್ಚು: ಮಡಿಸಲಾಗದ ಮೊಣಕಾಲು, ಎತ್ತಲಾಗದ ಭುಜ, ಬಗ್ಗಿಸಲಾಗದ ಸೊಂಟ. ಅಲ್ಲಿ ವೈದ್ಯನ ಅಭಿಪ್ರಾಯವೇ ಆಧಾರ. ಅಂಗವೊಂದರ ಊನ ಎಷ್ಟೆಂಬುದು ಒಂದು ಪ್ರಶ್ನೆ, ಆ ಊನದಿಂದ ಆ ಮನುಷ್ಯನ ಗಳಿಕೆಗೆ ಬಂದ ಕುಂದು ಎಷ್ಟೆಂಬುದು ಮತ್ತೊಂದು. ಮಡಿಸಲಾಗದ ಮೊಣಕಾಲಿನಿಂದ ಲೆಕ್ಕ ಬರೆಯುವವನು ತನ್ನ ಕುರ್ಚಿಗೆ ಮರಳಬಹುದು. ಲಾರಿಯ ಕ್ಲಚ್ಚನ್ನು ಒತ್ತಬೇಕಾದವನು ಮರಳಲಾರ.

ಈ ಭೇದವನ್ನು ಸರ್ವೋಚ್ಚ ನ್ಯಾಯಾಲಯ ಬಹಳ ಹಿಂದೆಯೇ ಸ್ಪಷ್ಟಪಡಿಸಿದೆ. 1976ರ ನ್ಯಾಯವರದಿಗಳಲ್ಲಿ ಪ್ರಕಟವಾದ, ನಾಲ್ವರು ನ್ಯಾಯಮೂರ್ತಿಗಳ ಪೀಠದ ತೀರ್ಪೊಂದು ಈ ವೃತ್ತಿಗೆ ಬರುವ ಪ್ರತಿಯೊಬ್ಬರೂ ಮೊದಲ ವಾರದಲ್ಲೇ ಓದತಕ್ಕದ್ದು. ಒರಿಸ್ಸಾದ ಸಿನಿಮಾ ಮಂದಿರವೊಂದರಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು, ಅವನ ಎಡಗೈಯನ್ನು ಮೊಣಕೈಯ ಮೇಲೆ ಕತ್ತರಿಸಬೇಕಾಯಿತು. ಅನುಸೂಚಿಯ ಶೇಕಡಾವಾರು ಲೆಕ್ಕವನ್ನೇ ಅನ್ವಯಿಸಬೇಕೆಂದು ಒಡೆಯನ ವಾದ. ಒಂದೇ ಕೈಯಿಂದ ಬಡಗಿಯ ಕೆಲಸ ನಡೆಯಲಾರದು, ಆದುದರಿಂದ ಅವನ ಪಾಲಿಗೆ ನಷ್ಟ ನೂರಕ್ಕೆ ನೂರು ಎಂದಿತು ಪೀಠ. ಅದೇ ತೀರ್ಪಿನ ಎರಡನೆಯ ಮಾತು ಇನ್ನೂ ಮುಖ್ಯವಾದದ್ದು: ಪರಿಹಾರ ಸಲ್ಲತಕ್ಕ ದಿನ ಯಾವುದೋ ಅಧಿಕಾರಿ ಲೆಕ್ಕ ಹಾಕಿ ಆದೇಶಕ್ಕೆ ರುಜು ಹಾಕಿದ ದಿನವಲ್ಲ, ಗಾಯವಾದ ದಿನ. ಕತ್ತರಿಸಿಹೋದ ಕ್ಷಣದಿಂದಲೇ ಹಣ ಅವನದು. ಆ ಮೇಲೆ ಒಡೆಯನ ಪೆಟ್ಟಿಗೆಯಲ್ಲೋ ವಿಮಾ ಸಂಸ್ಥೆಯ ಖಾತೆಯಲ್ಲೋ ಅದು ಉಳಿದಷ್ಟು ದಿನ ಪರರ ಹಣವಾಗಿ ಉಳಿದಿದೆ. ಈ ತಿಳಿವಳಿಕೆ ಮನಸ್ಸಿನಲ್ಲಿ ಬೇರೂರಿದ ಅಧಿಕಾರಿಗೆ ವಿಳಂಬವೆಂಬುದು ಎಂದಿಗೂ ನಿರುಪದ್ರವಿಯಾದ ಆಲಸ್ಯವಾಗಿ ಕಾಣಲಾರದು.

1923ರ ಕಾಯಿದೆ ಒಂದು ತಿಂಗಳ ಗಡುವನ್ನು ಕೊಟ್ಟು, ಅದನ್ನು ಮೀರಿದವರ ಮೇಲೆ ಶೇಕಡಾ 12ರ ಬಡ್ಡಿಯನ್ನೂ, ಸಮರ್ಥನೆಯಿಲ್ಲದ ವಿಳಂಬಕ್ಕೆ ಪರಿಹಾರದ ಅರ್ಧದವರೆಗಿನ ದಂಡವನ್ನೂ ವಿಧಿಸಿತ್ತು. ಇದು ಎಲ್ಲರಿಗೂ ತಿಳಿದ ಮಾತು. ಅಷ್ಟಾಗಿ ಯಾರೂ ನೆನೆಯದ ಇನ್ನೊಂದು ಉಪವಿಧಿ ಅಲ್ಲಿಯೇ ಇತ್ತು: ಕೇಳಿದಷ್ಟು ಹೊಣೆಯನ್ನು ಒಪ್ಪದ ಒಡೆಯನು, ತಾನು ಒಪ್ಪುವಷ್ಟು ಹಣವನ್ನಾದರೂ ಕೂಡಲೇ ತಾತ್ಕಾಲಿಕವಾಗಿ ಪಾವತಿಮಾಡತಕ್ಕದ್ದು ಅಥವಾ ಠೇವಣಿ ಇಡತಕ್ಕದ್ದು. ಈ ಕ್ಷೇತ್ರದ ಧರ್ಮವನ್ನು ಒಂದೇ ವಿಧಿಯಲ್ಲಿ ತೋರಿಸೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನು. ವಿವಾದ ಶೇಕಡಾ 20ಕ್ಕೋ 35ಕ್ಕೋ ಎಂಬುದಾಗಿದ್ದರೆ, 20ರ ಬಗೆಗೆ ವಿವಾದವಿಲ್ಲವೆಂದಾಯಿತಲ್ಲ. ಆ ಇಪ್ಪತ್ತನ್ನು ಇಂದೇ ಕೊಟ್ಟು ಉಳಿದ ಹದಿನೈದಕ್ಕೆ ವರ್ಷಗಟ್ಟಲೆ ವಾದಿಸುವುದರಲ್ಲಿ ಅಧರ್ಮವೇನೂ ಇಲ್ಲ. ಆದರೆ ರೂಢಿಯಲ್ಲಿ ನಡೆಯುವುದು ಬೇರೆ. ಒಪ್ಪಿದ ಅಂಶವನ್ನೂ ಒತ್ತೆಯಾಗಿ ಹಿಡಿದು, ಮನೆಯಲ್ಲಿ ಒಲೆ ಉರಿಯದ ಕುಟುಂಬವನ್ನು ಅರ್ಧ ಹಣಕ್ಕೆ ರಾಜಿಯಾಗುವಂತೆ ಕಾಯಿಸುವ ಕೌಶಲವನ್ನು ಅನೇಕ ಕಡೆ ಚಾತುರ್ಯವೆಂದು ಕೊಂಡಾಡಲಾಗುತ್ತದೆ. ಹೊಸದಾಗಿ ಸೇರಿದ ತರುಣನು ಆ ಕೊಂಡಾಟಕ್ಕೆ ಕಿವಿಗೊಡದಿದ್ದರೆ ಅವನ ವೃತ್ತಿಯ ಅರ್ಧ ನೀತಿ ಉಳಿದಂತೆಯೇ.

ನಿರಾಕರಣೆಯೂ ಈ ಧರ್ಮದ ಅಂಗವೇ. ಸತ್ತವನು ಲಾರಿಯಲ್ಲಿ ಬಾಡಿಗೆ ಕೊಟ್ಟು ಕುಳಿತಿದ್ದ ಪ್ರಯಾಣಿಕನಾಗಿದ್ದು, ಅಪಘಾತದ ಬಳಿಕ ಕಾಗದದ ಮೇಲೆ ಹಮಾಲಿಯಾಗಿ ಮಾರ್ಪಟ್ಟಿರುವುದುಂಟು. ಬೇರೆಲ್ಲೋ ಆದ ಗಾಯ ಕೆಲಸದ ಗಾಯವೆಂದು ಬರುವುದುಂಟು. ನಿಧಿ ಎಲ್ಲ ಕಾರ್ಮಿಕರ ಹೆಸರಿನಲ್ಲಿರುವುದರಿಂದ ಸುಳ್ಳು ಬೇಡಿಕೆಗೆ ಹಣ ಕೊಡುವುದು ಕರುಣೆಯಲ್ಲ. ಆದರೆ ಸಂದೇಹಕ್ಕೂ ಒಂದು ಶಿಸ್ತು ಬೇಕು. ಸಂದೇಹವನ್ನು ಮೊದಲ ವಾರದಲ್ಲೇ ಸ್ಥಳಕ್ಕೆ ಹೋಗಿ ಪರೀಕ್ಷಿಸಬೇಕು. ಹಾಜರಿ ಪುಸ್ತಕ, ಆಸ್ಪತ್ರೆಯ ಮೊದಲ ದಾಖಲೆ, ಎಫ್‌ಐಆರ್, ಲಾರಿಯ ಟ್ರಿಪ್‌ಶೀಟು, ಜೊತೆಯಲ್ಲಿದ್ದವರ ಮಾತು, ಇವುಗಳನ್ನು ನೆನಪು ಹಸಿಯಾಗಿರುವಾಗಲೇ ಸಂಗ್ರಹಿಸಬೇಕು. ಮೂರು ವರ್ಷದ ನಂತರ ಸಾಕ್ಷಿಕಟ್ಟೆಯಲ್ಲಿ ನಿಂತು ಸಂಬಂಧವೇ ಇಲ್ಲವೆಂದು ಸಾರಾಸಗಟಾಗಿ ಅಲ್ಲಗಳೆಯುವುದು ಪರೀಕ್ಷೆಯಲ್ಲ. ಮತ್ತು ಸಂಗ್ರಹಿಸಿದ ಪುರಾವೆ ತನ್ನ ಸಂಸ್ಥೆಗೆ ಪ್ರತಿಕೂಲವಾಗಿದ್ದರೂ ಕಡತದಲ್ಲಿ ಉಳಿಯಬೇಕು. ಕೆಲಸದ ಮೇಲಿದ್ದಾಗ ಹೃದಯಾಘಾತದಿಂದ ಸತ್ತವರ ಪ್ರಕರಣಗಳನ್ನು ನೋಡಿ: 2006ರಲ್ಲಿ ಕ್ಲೀನರೊಬ್ಬನ ಸಾವಿಗೆ ಕೆಲಸದ ಶ್ರಮವೇ ಕಾರಣವೆಂಬ ಪುರಾವೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಪರಿಹಾರವನ್ನು ಒಪ್ಪಲಿಲ್ಲ, 2012ರಲ್ಲಿ, ಸಾವಿರ ಕಿಲೋಮೀಟರಿಗೂ ಮೀರಿದ ದೂರವನ್ನು ಲಾರಿ ನಡೆಸಿಕೊಂಡು ಬಂದು ಕುಸಿದ ಚಾಲಕನ ಕುಟುಂಬಕ್ಕೆ ಅದೇ ನ್ಯಾಯಾಲಯ ಪರಿಹಾರವನ್ನು ಕೊಡಿಸಿತು. ಎರಡರ ನಡುವಿನ ಅಂತರ ಶ್ರಮದ ಪುರಾವೆಯಲ್ಲಿದೆ. ಟ್ರಿಪ್‌ಶೀಟು, ಟೋಲ್ ರಸೀತಿ ಯಾರ ಕೈಯಲ್ಲಿರುತ್ತವೆ? ಸತ್ತವನ ಹೆಂಡತಿಯ ಕೈಯಲ್ಲಲ್ಲ. ಅವುಗಳನ್ನು ಮುಚ್ಚಿಟ್ಟು ಗೆದ್ದ ಮೊಕದ್ದಮೆಯನ್ನು ಗೆಲುವೆಂದು ಕರೆಯಲು ನಾನು ಸಿದ್ಧನಿಲ್ಲ. ನಿರಾಕರಿಸಬೇಕಾದಲ್ಲಿ ಕಾರಣಗಳನ್ನು ಕನ್ನಡದಲ್ಲಿ, ಓದಿದರೆ ಅರ್ಥವಾಗುವಂತೆ ಬರೆದು ತಿಳಿಸಬೇಕು. ಕಾರಣ ಗೊತ್ತಾದರೆ ತಾನೆ ಅವರು ಉತ್ತರ ಕೊಟ್ಟಾರು?

ಪ್ರಲೋಭನೆಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ಅವು ಎಲ್ಲರಿಗೂ ಪರಿಚಿತವಾದವು. ಆಸ್ಪತ್ರೆಯ ಜಗಲಿಯಲ್ಲೇ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ದಳ್ಳಾಳಿ, ಗಾಯಾಳುವನ್ನು ಕಾಣದೆಯೇ ಶೇಕಡಾವಾರು ಬರೆದುಕೊಡುವ ವೈದ್ಯ, ರಾಜಿಯ ಮೊತ್ತದಲ್ಲಿ ಪಾಲು ಕೇಳುವ ನೌಕರ, ಕಡಮೆ ಹಣಕ್ಕೆ ಖಾಲಿ ಕಾಗದದ ಮೇಲೆ ರುಜು ಪಡೆಯುವ ಮೇಸ್ತ್ರಿ: ಇವರೆಲ್ಲ ಪರಸ್ಪರ ಆಶ್ರಯದಿಂದ ಬಾಳುವವರು. ಶಾಸನಕರ್ತರು ಇದನ್ನು ಮುಂಗಂಡಿದ್ದರು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಕರಾರೂ ಅಸಿಂಧುವೆಂದು 1923ರಲ್ಲೇ ಬರೆದರು. ಸಾವಿನ ಪರಿಹಾರವನ್ನು ಕಾಯಿದೆಯಡಿ ನೇಮಕವಾದ ಕಮಿಷನರರಲ್ಲಿಯೇ ಠೇವಣಿ ಇಡಬೇಕೆಂದೂ, ವಿಧವೆಯ ಕೈಗೆ ನೇರವಾಗಿ ಕೊಟ್ಟದ್ದನ್ನು ಪರಿಹಾರದ ಪಾವತಿಯೆಂದು ಪರಿಗಣಿಸಲಾಗದೆಂದೂ ವಿಧಿಸಿದರು. ಮೇಲುನೋಟಕ್ಕೆ ಇದು ಹೆಣ್ಣಿನ ಬಗೆಗಿನ ಅವಿಶ್ವಾಸದಂತೆ ತೋರಬಹುದು. ಆದರೆ ಹಣ ಬಂದ ಸುದ್ದಿ ಹಬ್ಬಿದ ಮನೆಗೆ ಎಷ್ಟು ಮಂದಿ ಬಂಧುಗಳು ಹುಟ್ಟಿಕೊಳ್ಳುತ್ತಾರೆಂಬುದನ್ನು ಕಂಡವರು ಈ ವಿಧಿಯ ಹಿಂದಿನ ಕಳಕಳಿಯನ್ನು ಅರಿಯಬಲ್ಲರು. ಮಗುವಿನ ಪಾಲು ಬ್ಯಾಂಕಿನ ಠೇವಣಿಯಲ್ಲಿ ಭದ್ರವಾಗಿದೆಯೇ, ತಾಯಿಯ ಖಾತೆ ಅವಳೇ ನಿರ್ವಹಿಸುವಂಥದೇ ಎಂದು ಒಂದು ಮಾತು ವಿಚಾರಿಸುವ ವಕೀಲನಿಗೆ ಕಾಯಿದೆ ಅದನ್ನು ವಿಧಿಸಿಲ್ಲ; ಅವನ ಅಂತಃಕರಣ ವಿಧಿಸುತ್ತದೆ.

ಮೂವತ್ತು ವರ್ಷಗಳ ದೀರ್ಘ ಸೇವೆಯಲ್ಲಿ ಪ್ರಾಮಾಣಿಕನಿಗೂ ಬರುವ ವ್ಯಾಧಿಯೊಂದುಂಟು, ಅದು ಲಂಚಕ್ಕಿಂತ ಸೂಕ್ಷ್ಮವಾದದ್ದು: ಮನಸ್ಸಿನ ಜಡ್ಡುಗಟ್ಟುವಿಕೆ. ದಿನವೂ ಕತ್ತರಿಸಿದ ಬೆರಳುಗಳ ಭಾವಚಿತ್ರಗಳನ್ನು ನೋಡಿದವನ ಕಣ್ಣಿಗೆ ಕ್ರಮೇಣ ಬೆರಳು ಮಾಯವಾಗಿ ಶೇಕಡಾವಾರು ಮಾತ್ರ ಉಳಿಯುತ್ತದೆ. ಇದಕ್ಕೆ ಉಪದೇಶ ಔಷಧವಲ್ಲ, ಅಭ್ಯಾಸ ಔಷಧ. ಯಂತ್ರವನ್ನು ಹತ್ತಿರದಿಂದ ನೋಡುವ ಅಭ್ಯಾಸ ಮೊದಲನೆಯದು. ಪವರ್ ಪ್ರೆಸ್ಸಿನ ಮುಂದೆ ನಿಂತು, ಅದರ ಅಚ್ಚು ಇಳಿಯುವ ವೇಗವನ್ನೂ, ಕಾವಲುಪಟ್ಟಿಯನ್ನು ಕಳಚಿದರೆ ದಿನದ ಉತ್ಪಾದನೆ ಹೆಚ್ಚುವ ಪರಿಯನ್ನೂ ಕಂಡವನು, ಕಾರ್ಮಿಕ ತಾನೇ ಕಾವಲನ್ನು ತೆಗೆದನೆಂಬ ಒಡೆಯನ ಹೇಳಿಕೆಯನ್ನು ಬೇರೊಂದು ಬೆಳಕಿನಲ್ಲಿ ಓದುತ್ತಾನೆ. ಬೇಕೆಂದೇ ಕಾವಲನ್ನು ಕಳಚಿದವನಿಗೆ ಪರಿಹಾರವಿಲ್ಲವೆಂಬ ವಿನಾಯಿತಿ ಕಾಯಿದೆಯಲ್ಲಿದ್ದರೂ, ಸಾವಿಗೂ ಶಾಶ್ವತ ಪೂರ್ಣ ಅಸಮರ್ಥತೆಗೂ ಅದು ಅನ್ವಯಿಸದೆಂದು ಅದೇ ಕಾಯಿದೆ ಹೇಳಿತ್ತು. ಉಳಿದ ಗಾಯಗಳಲ್ಲಿ ಆ ಕೈಯನ್ನು ಪ್ರೇರಿಸಿದ್ದು ಯಾರ ಆತುರವೆಂಬುದನ್ನು ಕೇಳಲೇಬೇಕಾಗುತ್ತದೆ. ಇನ್ನೊಂದು ಅಭ್ಯಾಸ ಇನ್ನೂ ಸರಳ: ಸೂಚನೆ ಕೈಸೇರಿದ ದಿನದಿಂದ ಹಣ ಸಂದ ದಿನದವರೆಗೆ ಪ್ರತಿ ಕಡತಕ್ಕೂ ಎಷ್ಟು ದಿನಗಳಾದವೆಂದು ಸ್ವಂತ ಪುಸ್ತಕದಲ್ಲಿ ಬರೆದಿಡುವುದು. ಮೇಲಧಿಕಾರಿಗಳು ಕೇಳುವುದು ಉಳಿಸಿದ ಹಣದ ಲೆಕ್ಕವನ್ನು. ಆತ್ಮಸಾಕ್ಷಿಗೆ ಒಪ್ಪಿಸಬೇಕಾದದ್ದು ಈ ದಿನಗಳ ಲೆಕ್ಕವನ್ನು.

ಗಾಯಕ್ಕೆ ಒಂದು ದಿನಾಂಕವಾದರೂ ಉಂಟು. ರೋಗಕ್ಕೆ ಅದೂ ಇಲ್ಲ. ಇಟಲಿಯ ವೈದ್ಯ ರಾಮಝೀನಿ ಕಸುಬುಗಳಿಂದ ಬರುವ ರೋಗಗಳನ್ನು ಕುರಿತು 1700ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವೈದ್ಯನು ರೋಗಿಯನ್ನು ಕೇಳುವ ಪ್ರಶ್ನೆಗಳ ಸಾಲಿಗೆ ನಿನ್ನ ಕಸುಬೇನೆಂಬುದನ್ನೂ ಸೇರಿಸಬೇಕೆಂದು ವಿಧಿಸಿದನು. ಆ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿ ವ್ಯವಸ್ಥಿತವಾಗಿ ಕೇಳಿದ ಸ್ಥಳಗಳಲ್ಲಿ ಕೋಲಾರದ ಚಿನ್ನದ ಗಣಿ ಮುಖ್ಯವಾದದ್ದು: 1940ರ ದಶಕದಲ್ಲಿ 7,653 ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡಾ 43.7ರಷ್ಟು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತು. ಬಂಡೆಯ ಸೂಕ್ಷ್ಮ ಧೂಳು ಶ್ವಾಸಕೋಶದಲ್ಲಿ ನೆಲೆನಿಂತು ಅದನ್ನು ಗಟ್ಟಿಗೊಳಿಸುವ ಈ ರೋಗ ಬಹುವೇಳೆ ಕೆಲಸ ಬಿಟ್ಟ ಎಷ್ಟೋ ವರ್ಷಗಳ ಮೇಲೆ ತಲೆದೋರುತ್ತದೆ. ಗಣಿಗಳು 2001ರಲ್ಲಿ ಮುಚ್ಚಿದವು. ಕಲ್ಲಿನ ಧೂಳು ನಿಲ್ಲಲಿಲ್ಲ, ಕ್ರಷರುಗಳಲ್ಲಿಯೂ ಕಲ್ಲು ಕೊಯ್ಯುವ ಘಟಕಗಳಲ್ಲಿಯೂ ಹಾರುತ್ತಲೇ ಇದೆ. 1923ರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಸಿಲಿಕೋಸಿಸ್ ಹೆಸರಿಸಲ್ಪಟ್ಟಿತ್ತು. ಹಲವು ಒಡೆಯರ ಬಳಿ ದುಡಿದವನಾದರೆ ಹೊಣೆಯನ್ನು ಅವರ ನಡುವೆ ಹಂಚುವ ವಿಧಿಯೂ ಇತ್ತು. ಆದರೂ ಇಂಥ ಬೇಡಿಕೆಗಳು ಮೇಜಿಗೆ ಬರುವುದು ಅಪರೂಪ. ಕೆಮ್ಮುತ್ತ ಊರಿಗೆ ಮರಳಿದವನಿಗೆ ಕ್ಷಯವೆಂದು ಚೀಟಿ ಬರೆಯಲಾಗುತ್ತದೆ. ಯಾವ ಕ್ರಷರಿನಲ್ಲಿ ಎಷ್ಟು ವರ್ಷ ದುಡಿದನೆಂಬುದಕ್ಕೆ ಕಾಗದವಿರುವುದಿಲ್ಲ. ಬಂದ ಕಡತಗಳನ್ನೆಲ್ಲ ನ್ಯಾಯವಾಗಿ ತೀರ್ಮಾನಿಸಿದೆನೆಂದು ಸಮಾಧಾನಪಡುವ ಅಧಿಕಾರಿಯು, ಬಾರದ ಕಡತಗಳ ಬಗೆಗೂ ಒಮ್ಮೆ ಯೋಚಿಸಬೇಕಾದ್ದು ಇಲ್ಲಿ.

ಬಾರದಿರಲು ಕಾರಣ ಬಹುಮಟ್ಟಿಗೆ ಅಜ್ಞಾನ. 2017ರ ತಿದ್ದುಪಡಿಯೊಂದು ಕಾರ್ಮಿಕನನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಅವನ ಪರಿಹಾರದ ಹಕ್ಕನ್ನು ಬರವಣಿಗೆಯಲ್ಲಿಯೂ ವಿದ್ಯುನ್ಮಾನ ಮಾಧ್ಯಮದಲ್ಲಿಯೂ ತಿಳಿಸತಕ್ಕದ್ದೆಂದು ಒಡೆಯನಿಗೆ ವಿಧಿಸಿತು. ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆ, ಇವುಗಳಲ್ಲಿ ಅವನಿಗೆ ಅರ್ಥವಾಗುವುದರಲ್ಲಿ. ತಪ್ಪಿದರೆ ಐವತ್ತು ಸಾವಿರದಿಂದ ಒಂದು ಲಕ್ಷ ರೂಪಾಯಿಯವರೆಗೆ ದಂಡವಿತ್ತು. ಅಂಥ ಕಾಗದವನ್ನು ಕಂಡ ಕಾರ್ಮಿಕರೆಷ್ಟು ಮಂದಿ ಎಂಬುದನ್ನು ಓದುಗರು ತಮ್ಮ ಪಕ್ಕದ ಕಟ್ಟಡದ ಕೆಲಸಗಾರರನ್ನೇ ಕೇಳಿ ತಿಳಿಯಬಹುದು. ಆದರೆ ಪಾಲಿಸಿಯನ್ನು ಬರೆದುಕೊಡುವ ಕಚೇರಿ ದಂಡದ ಭಯಕ್ಕಾಗಿ ಕಾಯಬೇಕಾಗಿಲ್ಲ. ಸರಳ ಕನ್ನಡದಲ್ಲಿ, ಅಗತ್ಯವಿದ್ದಲ್ಲಿ ಹಿಂದಿಯಲ್ಲೂ ಒಡಿಯಾದಲ್ಲೂ, ಒಂದು ಪುಟದ ಹಾಳೆಯನ್ನು ಪಾಲಿಸಿಯೊಡನೆ ಕಳುಹಿಸಿ ಹಾಜರಿ ಪುಸ್ತಕವಿಡುವ ಜಾಗದಲ್ಲಿ ಅಂಟಿಸುವಂತೆ ಕೋರಬಹುದು: ಗಾಯವಾದರೆ ಯಾರಿಗೆ ತಿಳಿಸಬೇಕು, ಆಸ್ಪತ್ರೆಯಲ್ಲಿ ಕೆಲಸದ ಹೆಸರನ್ನೂ ಸ್ಥಳವನ್ನೂ ಏಕೆ ಬರೆಸಬೇಕು, ಬೇಡಿಕೆಗೆ ಕಾಲಾವಕಾಶವೆಷ್ಟು, ಖಾಲಿ ಕಾಗದಕ್ಕೆ ಏಕೆ ರುಜು ಹಾಕಬಾರದು, ದಳ್ಳಾಳಿಗೆ ಪಾಲು ಕೊಡುವ ಅಗತ್ಯವಿಲ್ಲವೆಂಬುದು. ಹಾಳೆಯ ಅಡಿಯಲ್ಲಿ ಕಡತವನ್ನು ನೋಡುವ ಅಧಿಕಾರಿಯ ಹೆಸರೂ ದೂರವಾಣಿಯೂ ಅಚ್ಚಾಗಿರಲಿ, ಅವರು ವರ್ಗವಾಗಿ ಹೋದಾಗಲೆಲ್ಲ ಹೊಸ ಹಾಳೆ ಹೋಗಲಿ.